ಪದಚರ್ಚೆ: ಮೂರು ‘ಬೋಗಿ’ಗೆ ನಾಲ್ಕು ‘ಬೋಗಿ’?

ಪ್ರಶ್ನೆ: ಅಮೆರಿಕದ ಬರ್ಲಿಂಗ್ಟನ್ ರೈಲ್ವೆಯ ‘ಜೆಫಿರ್’ ರೈಲಿನ ವಿವರಣೆಯಲ್ಲಿ ‘ಮೂರು ಕಾರ್, ನಾಲ್ಕು ಟ್ರಕ್’ ಎಂದಿದೆ. ಇಲ್ಲಿ ಕಾರ್ ಎಂದರೆ ಜನ ಕೂರುವ ಭಾಗ, ಟ್ರಕ್ ಎಂದರೆ ಅದರಡಿಯ ಗಾಲಿಗಳ ಚೌಕಟ್ಟು. ಆದರೆ ಟ್ರಕ್ ಎಂದರೆ ನಮ್ಮ ಓದುಗರಿಗೆ ಲಾರಿ. ಬ್ರಿಟಿಷ್ ರೂಢಿಯಂತೆ ‘ಬೋಗಿ’ ಎನ್ನೋಣವೆಂದರೆ, ಕನ್ನಡದಲ್ಲಿ ಜನ ಕೂರುವುದೇ ಬೋಗಿ. ಏನು ಬರೆಯಬೇಕು? ‘ಸ್ಟ್ರೀಮ್‌ಲೈನ್ಡ್’ಗೆ ‘ಗಾಳಿ ಸೀಳುವ’ ಎಂದರೆ ಆದೀತೆ?

ಉತ್ತರ: ಈ ಲೇಖನದ ಮಟ್ಟಿಗೆ ‘ಬೋಗಿ’ಯನ್ನು ಪೂರ್ತಿ ಬಿಟ್ಟುಬಿಡಿ. ‘ಎಂಟು ಬೋಗಿ ಹಳಿ ತಪ್ಪಿದವು’ ಎಂದು ಪತ್ರಿಕೆಯಲ್ಲಿ ಬಂದರೆ ಯಾರಿಗೂ ಗೊಂದಲವಿಲ್ಲ. ಅದು ಕನ್ನಡದಲ್ಲಿ ಬೇರೂರಿದ ಅರ್ಥ, ತಪ್ಪೆನ್ನಲಾಗದು. ಆದರೆ ಜೆಫಿರ್‌ನ ಜಾಣತನವೆಲ್ಲ ಇರುವುದೇ ಕಾರ್, ಟ್ರಕ್ ಈ ಎರಡರ ಲೆಕ್ಕದಲ್ಲಿ. ಮೇಲಿನದನ್ನು ‘ಡಬ್ಬಿ’ ಎನ್ನಿ, ಕೆಳಗಿನದನ್ನು ‘ಗಾಲಿಚೌಕಟ್ಟು’ ಎನ್ನಿ.

ಸಾಮಾನ್ಯವಾಗಿ ಒಂದು ಡಬ್ಬಿಗೆ ಎರಡು ಗಾಲಿಚೌಕಟ್ಟು, ಒಂದೊಂದರಲ್ಲಿ ಎರಡು ಅಚ್ಚು (ಎರಡು ಗಾಲಿಗಳನ್ನು ಸೇರಿಸುವ ದಂಡ). ಮೂರು ಡಬ್ಬಿಗೆ 6 ಚೌಕಟ್ಟು, 12 ಅಚ್ಚು, 24 ಗಾಲಿ. ಜೆಫಿರ್‌ನಲ್ಲಿ ಅಕ್ಕಪಕ್ಕದ ಎರಡು ಡಬ್ಬಿಗಳ ತುದಿಗಳು ಒಂದೇ ಚೌಕಟ್ಟಿನ ಮೇಲೆ ಕೂರುತ್ತವೆ. ಹಾಗಾಗಿ 4 ಚೌಕಟ್ಟು, 8 ಅಚ್ಚು, 16 ಗಾಲಿಗೇ ಕೆಲಸ ಮುಗಿಯಿತು. ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲಿನದು. ಎಲ್ಲ ಸೇರಿ ತೂಕ 100 ಟನ್ನಿನ ಆಸುಪಾಸು. ಎಳೆಯಲು 600 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಸಾಕಾಯಿತು. ತೊಡಕೂ ಅಲ್ಲಿಯೇ ಇದೆ: ನಿಲ್ದಾಣದಲ್ಲಿ ಒಂದು ಡಬ್ಬಿಯನ್ನು ಕಳಚಿ ಇನ್ನೊಂದನ್ನು ಸೇರಿಸಲು ಬರುವುದಿಲ್ಲ, ಒಂದು ಕೆಟ್ಟರೆ ಮೂರೂ ರಿಪೇರಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ‘ಆರ್ಟಿಕ್ಯುಲೇಟೆಡ್’ ಎನ್ನುವ ಈ ಕಟ್ಟಣೆಗೆ ‘ಕೀಲುಜೋಡಣೆ’ ಎನ್ನಬಹುದು. ‘ಸಂಧಿತ’ ಎಂದರೆ ವ್ಯಾಕರಣದ ಸಂಧಿ ನೆನಪಾಗುತ್ತದೆ.

‘ಗಾಳಿ ಸೀಳುವ’ ಬೇಡ. ಓದಿದವರು ಮೂತಿ ಚೂಪಾಗಿದ್ದರೆ ಸಾಕೆಂದುಕೊಳ್ಳುತ್ತಾರೆ. ನೀರ ಹನಿಯ ಚಿತ್ರವನ್ನು ನೆನೆಯಿರಿ: ಮುಂದೆ ದುಂಡು, ಹಿಂದೆ ಸಪೂರ. ಸೀಳುವುದಕ್ಕಿಂತ, ಹಿಂದೆ ಸುಳಿಯೇಳದಂತೆ ಗಾಳಿಯನ್ನು ಮತ್ತೆ ಕೂಡಿಸುವುದೇ ಕಷ್ಟದ ಕೆಲಸ. ರೈಲಿನಂಥ ಉದ್ದ ಒಡಲಿಗಂತೂ ಪಕ್ಕ, ಚಾವಣಿ, ತಳಗಳಲ್ಲಿ ಉಜ್ಜುವ ಗಾಳಿಯೇ ದೊಡ್ಡ ಹೊರೆ. ಡಬ್ಬಿಗಳ ನಡುವಿನ ಸಂದೂ ಗಾಳಿಯನ್ನು ತಡೆಯುತ್ತದೆ. ‘ಗಾಳಿ ಜಾರುವ ಮೈಕಟ್ಟು’ ಎಂದರೆ ಇದೆಲ್ಲ ಅದರೊಳಗೆ ಬರುತ್ತದೆ. ಭೌತಶಾಸ್ತ್ರದ ‘ಧಾರಾರೇಖೆ’ ಪಠ್ಯಪುಸ್ತಕಕ್ಕೆ ಸರಿ, ರೈಲಿನ ಕಥೆಗೆ ಭಾರ.

ಹೆಸರನ್ನು ‘ತಂಗಾಳಿ’ ಎಂದು ಅನುವಾದಿಸಬೇಡಿ. ಗ್ರೀಕರ ಜೆಫಿರ್ ಪಡುವಣ ಗಾಳಿ. ನಮ್ಮ ಕಾವ್ಯಗಳಲ್ಲಿ ಹಿತವಾದ ಗಾಳಿ ಬೀಸುವುದು ತೆಂಕಣಿಂದ.

ಈ ಪದಗಳನ್ನು ಹಾಕಿ ನೋಡಿ: ‘ಗಾಳಿ ಜಾರುವ ಮೈಕಟ್ಟಿನ ಜೆಫಿರ್, ಮೂರು ಡಬ್ಬಿ, ನಾಲ್ಕು ಗಾಲಿಚೌಕಟ್ಟಿನ ಕೀಲುಜೋಡಣೆಯ ರೈಲು. 1934ರ ಮೇ 26ರಂದು ಡೆನ್ವರಿನಿಂದ ಶಿಕಾಗೋಗೆ 1,015 ಮೈಲಿಯನ್ನು 13 ಗಂಟೆ 5 ನಿಮಿಷದಲ್ಲಿ ಓಡಿತು.’