ಪದಚರ್ಚೆ: ರೇಷನ್ ಅಕ್ಕಿ ಬೋರ್ಡಿಗೆ ‘ಸಾರವರ್ಧಿತ’ ಸಾಕೇ?

ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಒಕ್ಕಣೆ ಕೊಡಬೇಕು. ನ್ಯಾಯಬೆಲೆ ಅಂಗಡಿಯ ಗೋಡೆ, ನಾಲ್ಕಡಿಗೆ ಮೂರಡಿ ಜಾಗ. ರೇಷನ್ನಿನಲ್ಲಿ ಕೊಡುವುದು ಫೋರ್ಟಿಫೈಡ್ ಅಕ್ಕಿ, ಅಂದರೆ ಪೋಷಕಾಂಶವಿರುವ ಕಾಳು ಬೆರೆಸಿದ್ದು. ತೊಳೆಯುವಾಗ ತೇಲುವ ಆ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಅಂತ ಆರಿಸಿ ಎಸೆಯುತ್ತಾರೆ, ಅದಕ್ಕೇ ಈ ಬೋರ್ಡು. ಫೋರ್ಟಿಫೈಡ್, ವಿಟಮಿನ್, ಮಿನರಲ್ ಮೂರಕ್ಕೂ ಪದ ಬೇಕು. ಇಲಾಖೆಯವರು ‘ಸಾರವರ್ಧಿತ’ ಅನ್ನುತ್ತಾರೆ, ಪತ್ರಿಕೆಗಳಲ್ಲಿ ‘ಬಲವರ್ಧಿತ’ವೂ ಇದೆ. ಯಾವುದು ಹಾಕಲಿ?

*

> ಇಲಾಖೆಯವರು ‘ಸಾರವರ್ಧಿತ’ ಅನ್ನುತ್ತಾರೆ

ಅನ್ನಲಿ. ಸಾರ ಹೆಚ್ಚಿಸಲ್ಪಟ್ಟದ್ದು ಎಂಬ ಬಹುವ್ರೀಹಿಯಾದರೆ ನಿಷ್ಠಾಂತ, ಅಂದರೆ ‘ವರ್ಧಿತ’ದಂಥ ಭೂತಕೃದಂತ, ಮೊದಲು ಬರಬೇಕು: ವರ್ಧಿತಸಾರ. ಈಗಿರುವಂತೆ ತೃತೀಯಾ ತತ್ಪುರುಷ ಅಂತ ಬಿಡಿಸಿದರೆ ‘ಸಾರದಿಂದ ಬೆಳೆಸಿದ ಅಕ್ಕಿ’, ಅಂದರೆ ಗೊಬ್ಬರ ಹಾಕಿದ ಗದ್ದೆಯದ್ದು. ನಿಷ್ಠಾಂತ ಹಿಂದೆ ಬಂದರೂ ಸರಿ ಅನ್ನುವ ಆಹಿತಾಗ್ನ್ಯಾದಿ ಗಣ (ಪಾಣಿನಿಯ ವಿನಾಯಿತಿ ಪಟ್ಟಿ) ತೋರಿಸಿ ತಪ್ಪಿಸಿಕೊಳ್ಳುವವರಿಗೆ ಉತ್ತರ ಕೊಡುವುದಿಲ್ಲ.

*

ರೇಷನ್ ಕ್ಯೂನಲ್ಲಿ ನಿಂತವರು ನಿಷ್ಠಾಂತ ಹುಡುಕುವುದಿಲ್ಲ. ತೊಡಕು ಬೇರೆ ಇದೆ. ಶಾಲೆಯ ವಿಜ್ಞಾನದಲ್ಲಿ ಸಾರಜನಕ ನೈಟ್ರೋಜನ್ನು, ಸಸಾರಜನಕ ಪ್ರೋಟೀನು. ಅದನ್ನು ಓದಿದ ಮಕ್ಕಳಿಗೆ ಸಾರವರ್ಧಿತ ಅಂದರೆ ಪ್ರೋಟೀನ್ ಹೆಚ್ಚಿಸಿದ್ದು ಅಂತ ತೋರಬಹುದು. ಈ ಅಕ್ಕಿಗೆ ಸೇರಿಸುವುದರಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ. ‘ಬಲವರ್ಧಿತ’ವಂತೂ ಲೇಹ್ಯದ ಡಬ್ಬಿಯ ಮಾತು.

*

ಸಂಸ್ಕೃತದ ಗೊಡವೆಯೇ ಯಾಕೆ? ಕಸುವು ನಮ್ಮದೇ ಪದ. ಕಸುವಕ್ಕಿ. ಮೂರಡಿಯಲ್ಲಿ ದೊಡ್ಡಕ್ಷರದಲ್ಲಿ ಕೂರುತ್ತದೆ. ಕಬ್ಬಿಣವೂ ನಮ್ಮದೇ: ಕರ್ + ಪೊನ್, ಕಪ್ಪು ಲೋಹ. ಆ ಪೊನ್ನೇ ಇವತ್ತಿನ ಹೊನ್ನು. ಇಂಥ ಪದ ಕಟ್ಟಿದ ನುಡಿಗೆ ‘ವರ್ಧಿತ’ದ ಭಿಕ್ಷೆ ಬೇಡ.

*

> ಕಸುವಕ್ಕಿ

ಒಂದು ಮಳೆಗಾಲ ಕಳೆದು ಬಣ್ಣ ಉದುರಿದರೆ ‘ಕಸವಕ್ಕಿ’. ಮೊದಲೇ ಎಸೆಯುತ್ತಿದ್ದಾರೆ. ‘ಬೆರಕೆ ಅಕ್ಕಿ’ ಅಂತ ಇನ್ನೊಬ್ಬರು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಕಲಬೆರಕೆ ನೆನಪಾಗುತ್ತದೆ, ಬೇಡ.

*

ಪದಕ್ಕೆ ಮುಂಚೆ ವಸ್ತು ನೋಡಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ, ನಾದಿ, ಅಚ್ಚಿನಲ್ಲಿ ಒತ್ತಿ, ಅಕ್ಕಿಯ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಶಾವಿಗೆ ಒತ್ತುವ ಕೆಲಸವೇ. ಅಂಗೈಯಲ್ಲಿ ಹಾಕಿಕೊಂಡರೆ ಗೊತ್ತಾಗುತ್ತದೆ: ಬಣ್ಣ ತುಸು ಮಂಕು, ಮೊಳಕೆ ಇದ್ದ ತುದಿಯ ಕಚ್ಚು ಇಲ್ಲ. ಒತ್ತಿದ ಹಿಟ್ಟಾದ್ದರಿಂದ ಸಾಂದ್ರತೆ ಕಡಿಮೆ, ಹಾಗಾಗಿ ಹಲವು ಕಾಳು ತೇಲುತ್ತವೆ. ಮಾಮೂಲಿ ಅಕ್ಕಿ ನೂರು ಪಾಲಿಗೆ ಇದು ಒಂದು ಪಾಲು, 50 ಕಿಲೋ ಮೂಟೆಯಲ್ಲಿ ಸುಮಾರು ಅರ್ಧ ಕಿಲೋ. ಸೇರಿಸಿದ್ದೆಲ್ಲ ಈ ಅರ್ಧ ಕಿಲೋದಲ್ಲೇ ಇದೆ. ಅದನ್ನು ಆರಿಸಿ ಎಸೆದರೆ ಉಳಿಯುವುದು ಬರೀ ಅಕ್ಕಿ.

ಮಾನದಂಡದ ಪ್ರಕಾರ ಬೆರೆಸಿದ ಅಕ್ಕಿಯ ಕಿಲೋಗೆ ಕಬ್ಬಿಣ 28ರಿಂದ 42.5 ಮಿಲಿಗ್ರಾಂ, ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ, ಬಿ-12 0.75ರಿಂದ 1.25 ಮೈಕ್ರೋಗ್ರಾಂ. ತಿಂಗಳಿಗೆ 5 ಕಿಲೋ ಉಣ್ಣುವವರಿಗೆ ದಿನಕ್ಕೆ ಸಿಗುವ ಹೆಚ್ಚುವರಿ ಕಬ್ಬಿಣ ಸುಮಾರು 4.7ರಿಂದ 7 ಮಿಲಿಗ್ರಾಂ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಆದ್ದರಿಂದ ‘ರಕ್ತಹೀನತೆ ಗುಣಪಡಿಸುತ್ತದೆ’ ಅಂತ ಬರೆಯಬೇಡಿ. ಬರೆದರೆ ಮಾತ್ರೆ ಬಿಟ್ಟು ಅನ್ನ ನಂಬುತ್ತಾರೆ.

ಗೋಡೆಯಲ್ಲಿ ಜಾಗ ಉಳಿದರೆ ಎರಡು ಮಾತು ಸೇರಿಸಿ. ಗಂಜಿ ಬಸಿದು ಚೆಲ್ಲಬೇಡಿ, ಫೋಲಿಕ್ ಆಮ್ಲ, ಬಿ-12 ನೀರಲ್ಲಿ ಕರಗುವಂಥವು. ಊಟದ ಜೊತೆಗೇ ಟೀ ಬೇಡ, ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ವಿಟಮಿನ್ ಹತ್ತಿಸುತ್ತದೆ.

*

ಮಿನರಲ್‌ಗೆ ‘ಲವಣ’ ಬೇಡ, ಬಿಪಿ ಇರುವವರು ಉಪ್ಪು ಅಂತ ಓದುತ್ತಾರೆ. ‘ಖನಿಜ’ವೂ ಬೇಡ. ಖನಿಯಲ್ಲಿ ಹುಟ್ಟಿದ್ದು ಖನಿಜ, ಆ ಖನಿಯ ತದ್ಭವವೇ ಗಣಿ. ಸಂಡೂರಿನ ಅದಿರು ಅರೆದು ಹಾಕಿದ್ದಾರೆ ಅಂತ ಸುದ್ದಿ ಹಬ್ಬಲು ಎರಡು ದಿನ ಸಾಕು. ಇರುವುದು ಒಂದೇ ಮಿನರಲ್ಲು, ಅದರ ಹೆಸರನ್ನೇ ಬರೆಯಿರಿ. ಆದರೆ ‘ಕಬ್ಬಿಣಾಂಶ’ ಅಂತ ಬರೆದರೆ ಒಪ್ಪುವುದಿಲ್ಲ. ಕನ್ನಡದ ಕಬ್ಬಿಣಕ್ಕೆ ಸಂಸ್ಕೃತದ ಸವರ್ಣದೀರ್ಘ ಸಂಧಿ ಯಾವ ಲೆಕ್ಕದಲ್ಲಿ? ‘ಕಬ್ಬಿಣದ ಅಂಶ’.

*

ವಿಟಮಿನ್ನಿಗೆ ‘ಅನ್ನಾಂಗ’ ಇದೆ. ಹಳೆಯ, ಚೊಕ್ಕ ಪದ. ಮರೆತುಬಿಟ್ಟಿರಾ?

*

ಮರೆತಿಲ್ಲ. ಅಕ್ಕಿಯ ಬೋರ್ಡಿನಲ್ಲಿ ‘ಅನ್ನಾಂಗ’ ಅಂದರೆ ಅನ್ನದ್ದೇ ಒಂದು ಭಾಗ ಅಂತ ತಿಳಿಯುತ್ತಾರೆ. ‘ಜೀವಸತ್ವ’ ಪಠ್ಯಪುಸ್ತಕದಿಂದ ಎಲ್ಲರಿಗೂ ಗೊತ್ತು.

*

ಜೀವಸತ್ವವೂ ಅನುವಾದವೇ. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ‘ವೀಟಾ’ಕ್ಕೆ (ಲ್ಯಾಟಿನ್ನಿನಲ್ಲಿ ಜೀವ) ‘ಅಮೈನ್’ (ಸಾರಜನಕವಿರುವ ಒಂದು ಬಗೆಯ ರಾಸಾಯನಿಕ) ಕೂಡಿಸಿ ಪದ ಕಟ್ಟಿದ. ಎಲ್ಲವೂ ಅಮೈನ್ ಅಲ್ಲ ಅಂತ ಗೊತ್ತಾದ ಮೇಲೆ 1920ರಲ್ಲಿ ಡ್ರಮಂಡ್ ಎಂಬ ಇನ್ನೊಬ್ಬ ವಿಜ್ಞಾನಿ ಇಂಗ್ಲಿಷ್ ಕಾಗುಣಿತದ ಕೊನೆಯ ‘ಇ’ ಕಿತ್ತು ಹಾಕಿದ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಇಂಗ್ಲಿಷ್ ಪದ ಒಂದಕ್ಷರ ಕಳೆದುಕೊಂಡು ಬದುಕಿತು. ನಮ್ಮ ‘ಆಮ್ಲಜನಕ’ವೂ ಹಾಗೆಯೇ, ಆಮ್ಲಕ್ಕೆಲ್ಲ ಅದೇ ಮೂಲ ಅಂತ ಫ್ರೆಂಚ್ ರಸಾಯನವಿಜ್ಞಾನಿ ಲಾವಾಸಿಯೆ ತಪ್ಪು ತಿಳಿದದ್ದರ ತರ್ಜುಮೆ. ಅದು ನಡೆಯುತ್ತದೆ, ವಿಟಮಿನ್ ನಡೆಯಬಾರದೇ? ಮೆಡಿಕಲ್ ಶಾಪಿನಲ್ಲಿ ಯಾರೂ ಜೀವಸತ್ವದ ಮಾತ್ರೆ ಕೇಳುವುದಿಲ್ಲ.

*

ಮೆಡಿಕಲ್ ಶಾಪಿನ ಕನ್ನಡವೇ ಪ್ರಮಾಣವಾದರೆ ಈ ಪದಚರ್ಚೆಯನ್ನೇ ಮುಚ್ಚಿಬಿಡಿ. ಎರವಲು ಸಾಲ ಇದ್ದ ಹಾಗೆ, ಬಡ್ಡಿ ಕಟ್ಟಬೇಕು.

*

‘ಸಾಲ’ವೂ ಬೇಡವಾದರೆ ಸಂಸ್ಕೃತದಿಂದ ತಂದ ‘ಪ್ರಮಾಣ’, ‘ಪದ’ ಎರಡನ್ನೂ ವಾಪಸು ಕೊಟ್ಟು ಮಾತಾಡಿ.

*

ಪೇಂಟರ್ ಕಾಯುತ್ತಿದ್ದಾರೆ. ಕಳಿಸುತ್ತಿರುವುದು ಇದು:

ಸಾರವರ್ಧಿತ ಅಕ್ಕಿ
ತೇಲುವ ಕಾಳು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿನಿಂದ ಒತ್ತಿ ಮಾಡಿದ ಕಾಳು.
ಅದರಲ್ಲಿ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ-12 ಇದೆ.
ಆರಿಸಿ ಎಸೆಯಬೇಡಿ. ಗಂಜಿ ಬಸಿಯಬೇಡಿ.

ಮೂಟೆಯ ಮೇಲೆ ಆ ಹೆಸರೇ ಇದ್ದರೆ ಜನ ತಾಳೆ ನೋಡಿಕೊಳ್ಳುತ್ತಾರೆ ಅಂತ ‘ಸಾರವರ್ಧಿತ’ ಉಳಿಸಿದ್ದೇನೆ. ಪಕ್ಕದಲ್ಲಿ ಪ್ಲಸ್ ಎಫ್ (+F), ಅಂದರೆ ಫೋರ್ಟಿಫೈಡ್ ಆಹಾರದ ಗುರುತನ್ನೂ ಬರೆಸುತ್ತೇನೆ. ಟೀ, ನಿಂಬೆಹಣ್ಣಿಗೆ ಜಾಗ ಸಾಲಲಿಲ್ಲ.

*

ವರ್ಧಿತಸಾರ.

*

‘ಒತ್ತಿ ಮಾಡಿದ ಕಾಳು’ ಅಂತ ನೀವೇ ಬರೆದಿದ್ದೀರಲ್ಲ, ಒತ್ತುಶಾವಿಗೆ ಇದ್ದ ಹಾಗೆ ‘ಒತ್ತಕ್ಕಿ’ ಅಂದಿದ್ದರೆ ಒಂದು ಸಾಲು ಉಳಿಯುತ್ತಿತ್ತು. ನಿಂಬೆಹಣ್ಣೂ ಹಿಡಿಯುತ್ತಿತ್ತು.