1066ಕ್ಕಿಂತ ಹಳೆಯ, ಈಗಲೂ ಪ್ರಾರ್ಥನೆ ನಡೆಯುವ ಚರ್ಚ್: ಜಾರೋ ನೋಡಲೋ, ಎಸ್ಕಂಬ್ ನೋಡಲೋ?

ವಿರಾಜಪೇಟೆ_ಬಸ್‌ಸ್ಟ್ಯಾಂಡ್:
ಡಿಸೆಂಬರ್‌ನಲ್ಲಿ ನಾಲ್ಕು ಜನ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಹೋಗುತ್ತಿದ್ದೇವೆ. ಒಂದು ದಿನ ಬಿಡುವಿದೆ. ಆಂಗ್ಲೋ-ಸ್ಯಾಕ್ಸನ್ ಕಾಲದ, ಅಂದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುಂಚಿನ ಚರ್ಚ್ ನೋಡಬೇಕು, ಆದರೆ ನಮ್ಮ ಮಡಿಕೇರಿ ಕೋಟೆಯೊಳಗಿನ ಚರ್ಚಿನಂತೆ ಮ್ಯೂಸಿಯಂ ಆಗಿರುವುದು ಬೇಡ. ಯಾವುದಕ್ಕೆ ಹೋಗುವುದು? ಭಾನುವಾರ ಆದೀತೇ? ನಾವು ಕ್ರೈಸ್ತರಲ್ಲ. ಚಪ್ಪಲಿ ಹೊರಗೆ ಬಿಡಬೇಕೇ?

ಹಾರಂಗಿ_ದಂಡೆ:
ಸುಲಭದ್ದು ಜಾರೋದ ಸೇಂಟ್ ಪಾಲ್ಸ್. ನ್ಯೂಕ್ಯಾಸಲ್‌ನಿಂದ ಮೆಟ್ರೋ ಹತ್ತಿ ಬೀಡ್ ಸ್ಟೇಷನ್ನಿನಲ್ಲಿ ಇಳಿದು ನಡೆಯಿರಿ. ಅಲ್ಲಿಯ ಪ್ರತಿಷ್ಠಾಪನೆಯ ಶಿಲಾಶಾಸನದಲ್ಲಿ 685ರ ಏಪ್ರಿಲ್ 23 ಎಂಬ ತಾರೀಖೇ ಇದೆ. ಆದರೆ ಹಳೆಯದು ಪೂರ್ವದ ಚಾನ್ಸೆಲ್ (ಬಲಿಪೀಠ ಇರುವ) ಭಾಗ ಮಾತ್ರ; ಜನ ಕೂರುವ ಹಜಾರ ವಿಕ್ಟೋರಿಯಾ ಕಾಲದ್ದು. ಹೆಚ್ಚುಕಡಿಮೆ ಇಡೀ ಕಟ್ಟಡವೇ ಏಳನೇ ಶತಮಾನದ್ದು ಬೇಕೆಂದರೆ ಎಸ್ಕಂಬ್ ಹಳ್ಳಿಯ ಚರ್ಚ್. ಡಾರ್ಲಿಂಗ್ಟನ್‌ನಲ್ಲಿ ರೈಲು ಬದಲಿಸಿ ಬಿಷಪ್ ಆಕ್ಲೆಂಡ್‌ವರೆಗೆ ಹೋಗಿ, ಅಲ್ಲಿಂದ ಸುಮಾರು 3 ಕಿ.ಮೀ. ನಾಲ್ಕು ಜನ ಇದ್ದೀರಲ್ಲ, ಟ್ಯಾಕ್ಸಿ ಹಿಡಿಯಿರಿ.

ಡಿಸೆಂಬರ್ 25ರಂದು ರೈಲೇ ಇಲ್ಲ, 26ಕ್ಕೂ ನಂಬಬೇಡಿ. ಮಧ್ಯಾಹ್ನ ಮೂರೂಮುಕ್ಕಾಲಿನ ಹೊತ್ತಿಗೆಲ್ಲ ಸೂರ್ಯ ಮುಳುಗಿಯಾಗಿರುತ್ತದೆ. ಹಾಗಾಗಿ 11ರಿಂದ 1ರೊಳಗೆ ಚರ್ಚಿನೊಳಗಿರುವಂತೆ ಹೊರಡಿ.

ಕಲ್ಲು_ಗಾರೆ:
ಎಸ್ಕಂಬ್‌ಗೇ ನನ್ನ ಓಟು. ಸುಮಾರು 675ರ ಕಟ್ಟಡ. ಕಲ್ಲು ಮಾತ್ರ ಅದಕ್ಕಿಂತ ಹಳೆಯದು, ಹತ್ತಿರದ ಬಿಂಚೆಸ್ಟರ್‌ನ ರೋಮನ್ ಕೋಟೆಯಿಂದ ಹೊತ್ತು ತಂದದ್ದು. ಮೊದಲು ಹೊರಗೆ ಒಂದು ಸುತ್ತು ಬನ್ನಿ. ಉತ್ತರದ ಗೋಡೆಯಲ್ಲಿ ರೋಮನ್ನರ ಆರನೇ ಸೇನಾದಳದ ಹೆಸರು ಕೆತ್ತಿದ ಕಲ್ಲು ತಲೆಕೆಳಗಾಗಿ ಕೂತಿದೆ. ಆ ಗೋಡೆಗೆ ಚಳಿಗಾಲದ ಬಿಸಿಲು ತಾಗದು. ಟಾರ್ಚನ್ನು ಎದುರಿನಿಂದ ಬಿಟ್ಟರೆ ಅಕ್ಷರ ಮಾಯ. ಗೋಡೆಗೆ ಒತ್ತಿದಂತೆ ಪಕ್ಕದಿಂದ ಹಿಡಿದರೆ ನೆರಳು ಬಿದ್ದು ಮೂಡುತ್ತದೆ. ನಮ್ಮ ಕಡೆ ಶಾಸನಕ್ಕೆ ಸೀಮೆಸುಣ್ಣ ಬಳಿಯುವವರಿದ್ದಾರೆ, ಅದನ್ನು ಅಲ್ಲಿ ಮಾಡಬೇಡಿ. ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ ಸೂರ್ಯಗಡಿಯಾರ ಇದೆ, ತಲೆ ಎತ್ತದಿದ್ದರೆ ತಪ್ಪಿಹೋಗುತ್ತದೆ.

ಒಳಗೆ ಹಜಾರದ ಉದ್ದ ಅಗಲದ ಮೂರರಷ್ಟು, ಎತ್ತರವೂ ಅಗಲಕ್ಕಿಂತ ಹೆಚ್ಚು. ಚಾನ್ಸೆಲ್ಲಿನ ಕಮಾನಿನ ಎರಡು ಬದಿಯ ಕಲ್ಲುಗಳನ್ನು ನೋಡಿ: ಒಂದು ನಿಲ್ಲಿಸಿದ್ದು, ಅದರ ಮೇಲೊಂದು ಮಲಗಿಸಿದ್ದು. ಮಲಗಿದ ಕಲ್ಲು ಗೋಡೆಯ ದಪ್ಪಕ್ಕೂ ಹಾದು ಎರಡು ಮುಖವನ್ನೂ ಕಟ್ಟಿಹಿಡಿಯುತ್ತದೆ. ಹಳೆಯ ಕಿಟಕಿ ಎಂದರೆ ಮೇಲೆ ಇರುವ ಪುಟ್ಟವು. ಒಳಮುಖಕ್ಕೆ ಅಗಲವಾಗುತ್ತ ಬರುವುದರಿಂದ ಸಣ್ಣ ಕಂಡಿಯ ಬೆಳಕೂ ಹರಡುತ್ತದೆ. ದೊಡ್ಡ ಕಿಟಕಿಗಳು ಆಮೇಲೆ ಕೊರೆದದ್ದು. ಅವನ್ನೇ ಹಳೆಯವೆಂದು ಫೋಟೋ ತೆಗೆದು ಬರುವವರೇ ಹೆಚ್ಚು!

ಮಡಿಕೇರಿ_ಮಂಜು:
ಭಾನುವಾರ ಹೋಗಬಹುದು, ಆದರೆ ಪ್ರಾರ್ಥನೆಗೆ ಒಂದು ಸಲ, ಕಲ್ಲು ನೋಡಲು ಇನ್ನೊಂದು ಸಲ ಅಂತ ಇಟ್ಟುಕೊಳ್ಳಿ. ಪ್ರಾರ್ಥನೆಯ ನಡುವೆ ಓಡಾಡುವಂತಿಲ್ಲ. ಅಲ್ಲಿ ಒಬ್ಬರೇ ಪಾದ್ರಿ ಹಲವು ಚರ್ಚು ನೋಡಿಕೊಳ್ಳುವುದು ಸಾಮಾನ್ಯ, ವಾರವಾರಕ್ಕೆ ಸಮಯ ಬದಲಾಗುತ್ತದೆ. ಹಿಂದಿನ ದಿನವೇ ವಿಚಾರಿಸಿ, ಬಾಗಿಲ ಕೀ ಎಲ್ಲಿರುತ್ತದೆಂದೂ ಕೇಳಿ.

ಚಪ್ಪಲಿ, ಶೂ ಬಿಡಬೇಕಿಲ್ಲ. ಗಂಡಸರು ಟೋಪಿ ತೆಗೆಯಬೇಕು. ಹಿಂದಿನ ಬೆಂಚಿನಲ್ಲಿ ಕೂತು ಉಳಿದವರು ಎದ್ದಾಗ ಏಳಿ. ಬೆಂಚಿನ ಕೆಳಗಿನ ಕಸೂತಿ ದಿಂಬು ಮೊಣಕಾಲಿಗೆ, ಕೂರಲಿಕ್ಕಲ್ಲ. ಹೆಚ್ಚಿನವರು ಎಡವುವುದು ಕಮ್ಯುನಿಯನ್ ಹೊತ್ತಿಗೆ: ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆಂದು ತೀರ್ಥಪ್ರಸಾದದ ಲೆಕ್ಕದಲ್ಲಿ ಕೈ ಚಾಚಬಾರದು, ಅದು ದೀಕ್ಷಾಸ್ನಾನ ಆದವರಿಗೆ. ಕೂತಲ್ಲೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಆಶೀರ್ವಾದ ಬೇಕಿದ್ದರೆ ಮುಂದೆ ಹೋಗಿ ಎದೆಯ ಮೇಲೆ ಕೈ ಅಡ್ಡ ಇಟ್ಟು ತಲೆ ಬಾಗಿಸಿ.

ವಿರಾಜಪೇಟೆ_ಬಸ್‌ಸ್ಟ್ಯಾಂಡ್:
ಹಾಗಾದರೆ ಎಸ್ಕಂಬ್, ಶನಿವಾರ. ಸಾವಿರದ ಮುನ್ನೂರು ವರ್ಷ ಒಂದು ದಿನವೂ ಬಿಡದೆ ಪ್ರಾರ್ಥನೆ ನಡೆದಿದೆಯೇ?

ಕಲ್ಲು_ಗಾರೆ:
ಇಲ್ಲ. 19ನೇ ಶತಮಾನದಲ್ಲಿ ಊರಿಗೆ ಹೊಸ ಚರ್ಚ್ ಕಟ್ಟಿ ಇದನ್ನು ಪಾಳು ಬಿಟ್ಟಿದ್ದರು, ಆಮೇಲೆ ದುರಸ್ತಿ ಮಾಡಿ ಮತ್ತೆ ಬಳಕೆಗೆ ತಂದರು. ಆ ಹೊಸದು ಈಗಿಲ್ಲ. ಕಲ್ಲಿನ ನೆಲ ಐಸ್ ಇದ್ದಂತಿರುತ್ತದೆ, ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ.