ಶಾಲೆ ಬಿಟ್ಟ ಮೇಲೆ ಮಕ್ಕಳು ಯಾರ ಜೊತೆ ಇರ್ತಾರೆ? ಕಲಬುರಗಿಯ ನಮ್ಮ ಲೇಔಟ್‌ನಿಂದ ಉತ್ತರ

ಹೊರದೇಶದಿಂದ ಊರಿಗೆ ವಾಪಸ್ ಬರುವ ಯೋಚನೆ ಇರುವವರು ಸಾಮಾನ್ಯವಾಗಿ ಇಲ್ಲಿ ಕೇಳುವುದು ಎರಡೇ ವಿಷಯ. ಶಾಲೆ ಯಾವುದು, ಮನೆ ಎಲ್ಲಿ. ಅದಕ್ಕೆ ಉತ್ತರ ಕೊಡುವವರು ಈ ಗುಂಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೆಲ್ಬರ್ನ್‌ನ ಅಕ್ಕ ಒಬ್ಬರು ಮೊನ್ನೆ ಕೇಳಿದ್ದು ಬೇರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಯಾರ ಜೊತೆ ಇರ್ತಾರೆ, ಓಣಿಯವರು ಸೇರಿಸ್ಕೊಳ್ತಾರಾ, ಇಲ್ಲಿ ನಾವು ಮಾಡುವ ಸ್ವಯಂಸೇವೆ ಥರದ್ದು ಅಲ್ಲಿ ಏನಾದರೂ ಇದೆಯಾ ಅಂತ. ಯಾರೂ ಸರಿಯಾಗಿ ಹೇಳಲಿಲ್ಲ. ದುಬೈನ ಅಣ್ಣಾವ್ರು ಮಾತ್ರ "ಗೇಟ್ ಇರೋ ಲೇಔಟ್ ನೋಡ್ಕೊಳ್ಳಿ, ಎಲ್ಲಾ ಅವರೇ ಮಾಡ್ತಾರೆ" ಅಂದರು. ಆ ಮಾತು ನನಗೆ ಒಪ್ಪಿಗೆ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಟೆಕ್ಸಾಸ್‌ನಲ್ಲಿದ್ದಾಗ ಮನೆ ಮಾಲೀಕರ ಸಂಘಕ್ಕೆ ಒಂದು ಸಮಿತಿ ಇತ್ತು. ವಸಂತದಲ್ಲಿ ಮೊಟ್ಟೆ ಹುಡುಕುವ ಆಟ, ಜುಲೈ 4ಕ್ಕೆ ಮಕ್ಕಳ ಸೈಕಲ್ ಮೆರವಣಿಗೆ, ಅಕ್ಟೋಬರ್‌ನಲ್ಲಿ ಕುಂಬಳಕಾಯಿ ಕೆತ್ತನೆ, ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬಂದಾಗ ಫುಡ್ ಬ್ಯಾಂಕಿಗೆ ಡಬ್ಬಿ ಆಹಾರ ಕೂಡಿಸುವುದು. ತಿಂಗಳ ಮೊದಲೇ ಇಮೇಲ್ ಬರುತ್ತಿತ್ತು, ಹೆಸರು ಬರೆಸಿದರೆ ಆಯ್ತು. ಇಲ್ಲಿ ಜೇವರ್ಗಿ ರಸ್ತೆ ಕಡೆಯ ನಮ್ಮ ಲೇಔಟ್‌ಗೂ ಸಂಘ ಇದೆ. ಅದು ಇರುವುದು ಬೀದಿ ದೀಪ, ನೀರಿನ ಪೈಪು, ಸೈಟಿನ ಜಗಳ ಇಂಥದ್ದಕ್ಕೆ. ಬಾಕಿ ಕೆಲಸವನ್ನೆಲ್ಲಾ ಕಾಲವೇ ಎಬ್ಬಿಸುತ್ತದೆ, ಯಾರಾದರೂ ಇಬ್ಬರು ಶುರು ಮಾಡುತ್ತಾರೆ, ಉಳಿದವರು ಬಂದು ಕೈ ಹಾಕುತ್ತಾರೆ. ನಿಮ್ಮನ್ನು ಯಾರೂ ಕರೆಯುವುದಿಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ, ಯಾಕಂದರೆ ವಾಪಸ್ ಬಂದವರು ಜಾಸ್ತಿ ಬೇಜಾರು ಮಾಡಿಕೊಳ್ಳುವುದು ಇಲ್ಲೇ. ಪಕ್ಕದ ಮನೆ ಅಮ್ಮನನ್ನು ನಾನು ಕೇಳಿಯೇಬಿಟ್ಟೆ, ನಮಗೆ ಯಾಕೆ ಹೇಳಲಿಲ್ಲ ಅಂತ. "ಮನಿ ಮಂದಿಗಿ ಯಾರರ ಕರೀತಾರೇನವ್ವ? ಬರ್ಬೇಕಪ" ಅಂದರು. ಅಷ್ಟೇ.

ಇನ್ನೊಂದು ನನ್ನ ಅಭಿಪ್ರಾಯ, ಬೇಕಾದರೆ ಜಗಳ ಆಡಿ. ವೇದಿಕೆ ಕಾರ್ಯಕ್ರಮಗಳಿಂದ ಮಕ್ಕಳಿಗೆ ಸ್ನೇಹ ಆಗುವುದಿಲ್ಲ. ನವೆಂಬರ್ 1ಕ್ಕೆ ಡಾನ್ಸ್ ಮಾಡಿಸುತ್ತೀರಿ, ಮಗು ಕುಣಿಯುತ್ತದೆ, ಇಳಿದು ಬಂದು ಅಮ್ಮನ ಫೋನ್ ಹಿಡಿದು ಕೂರುತ್ತದೆ. ಇನ್ನೊಂದು ಮಗುವಿನ ಜೊತೆ ಎರಡು ಗಂಟೆ ಒಂದೇ ಕೆಲಸಕ್ಕೆ ಸಿಕ್ಕಿಕೊಳ್ಳಬೇಕು, ಬೇಸರ ಆಗಬೇಕು, ಸ್ವಲ್ಪ ಜಗಳನೂ ಆಗಬೇಕು. ಆಗ ಬಾಯಿ ಬಿಡುತ್ತವೆ.

ನಮ್ಮ ಮಕ್ಕಳಿಗೆ ಆ ಕೆಲಸ ಸಿಕ್ಕಿದ್ದು ಬೇಸಿಗೆಯ ಅರವಟ್ಟಿಗೆಯಲ್ಲಿ. ಕಲಬುರಗಿ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇನಲ್ಲಿ 42, 43 ಡಿಗ್ರಿ ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಈ ಎರಡು ತಿಂಗಳು ನಮ್ಮ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ವೇಳೆ ಬದಲಿಸುತ್ತವೆ. ಲೇಔಟ್‌ನ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ ತಡಿಕೆ ಕಟ್ಟಿ, ಉಸುಕು ಹಾಕಿ ಅದರ ಮೇಲೆ ನೀರಿನ ದೊಡ್ಡ ಮಣ್ಣಿನ ರಂಜಣಗಿ ಇಡುತ್ತಾರೆ. ಸುತ್ತ ಒದ್ದೆ ಗೋಣಿ ಚೀಲ. ಉಸುಕಿಗೂ ಆಗಾಗ ನೀರು ಚಿಮುಕಿಸುತ್ತಾ ಇರಬೇಕು, ಇಲ್ಲದಿದ್ದರೆ ಹತ್ತು ಗಂಟೆಗೇ ನೀರು ಬಿಸಿ. ಮನೆಗೆ ಒಂದು ದಿನ ಪಾಳಿ. ಬೆಳಿಗ್ಗೆ ಏಳಕ್ಕೆ ತೊಳೆದು ತುಂಬಬೇಕು, ಹನ್ನೆರಡಕ್ಕೆ ಮತ್ತೆ ತುಂಬಬೇಕು. ಸ್ಟೀಲ್ ಲೋಟಕ್ಕೆ ಸರಪಳಿ ಕಟ್ಟಿರುತ್ತದೆ, ಇಲ್ಲದಿದ್ದರೆ ಸಂಜೆಯೊಳಗೆ ಕಾಲು ಬರುತ್ತದೆ ಅದಕ್ಕೆ. ರಜೆಯಲ್ಲಿರುವ ಹುಡುಗರಿಗೆ ಲೋಟ ತೊಳೆಯುವ ಕೆಲಸ, ಗೋಣಿ ನೆನೆಸುವ ಕೆಲಸ, ಗಿಡಕ್ಕೆ ತೂಗುಹಾಕಿದ ಹಕ್ಕಿಗಳ ಮಣ್ಣಿನ ತಟ್ಟೆಗೆ ನೀರು ಹಾಕುವ ಕೆಲಸ. ಯಾರದಾದರೂ ಮನೆಯಲ್ಲಿ ಮಜ್ಜಿಗೆ ಜಾಸ್ತಿ ಇದ್ದ ದಿನ ಜೀರಿಗೆ ಉಪ್ಪು ಹಾಕಿ ಅದೂ ಬರುತ್ತದೆ, ಆ ದಿನ ಮಾತ್ರ ಎಲ್ಲಾ ಹುಡುಗರೂ ಹಾಜರ್.

ನನ್ನ ಮಗ ಮೊದಲು ಹೋಗಲೊಲ್ಲೆ ಅಂತ ಹಟ ಮಾಡಿದ. ನಾಲ್ಕನೇ ಕ್ಲಾಸ್ ಹುಡುಗ, ಕನ್ನಡ ಅರ್ಥ ಆಗುತ್ತಿತ್ತು, ತಿರುಗಿ ಮಾತಾಡಲು ನಾಚಿಕೆ. ಅಲ್ಲಿ ನಿಂತರೆ ಆಟೋದವರು, ತರಕಾರಿ ಗಾಡಿಯವರು, ಗೌಂಡಿ ಕೆಲಸದವರು, ಎಲ್ಲರೂ ಮಾತಾಡಿಸುತ್ತಾರೆ. ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ. ಮೇ ಮುಗಿಯುವ ಹೊತ್ತಿಗೆ ಅವನು ಎರಡನ್ನೂ ಕಲಸಿ ಮಾತಾಡಲು ಶುರು ಮಾಡಿದ್ದ, "ಮಮ್ಮೀ, ಪಾನಿ ಖಾಲಿ ಆಗ್ಯಾದ" ಅಂತ. ಅತ್ತೆಗೆ ಖುಷಿಯೋ ಖುಷಿ. ನನಗೆ ಒಂದೆರಡು ದಿನ ಕಸಿವಿಸಿ ಆಯ್ತು, ಆಮೇಲೆ ಸುಮ್ನಾದೆ. ಕಲಬುರಗಿ ಮಾತು ಇರೋದೇ ಹಾಗೆ ಅಲ್ವಾ.

ಅಲ್ಲೂ ತಕರಾರು ಇಲ್ಲ ಅಂತಲ್ಲ. ಎಲ್ಲರೂ ಒಂದೇ ಲೋಟದಲ್ಲಿ ಕುಡಿಯುವುದಾ, ಕಸದ ಗಾಡಿಯವರೂ ಇದರಲ್ಲೇನಾ ಅಂತ ಒಬ್ಬ ಹಿರಿಯರು ಶುರು ಮಾಡಿದರು. ಮಕ್ಕಳ ಎದುರಿಗೇ. ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಅವರಿಗೆ ಉತ್ತರ ಕೊಡಲೇ ಇಲ್ಲ. ಕಸದ ಗಾಡಿಯ ಅಕ್ಕ ಕುಡಿದಿಟ್ಟ ಲೋಟ ಎತ್ತಿಕೊಂಡು, ನೀರು ತುಂಬಿಸಿಕೊಂಡು ಕುಡಿದು ಮನೆಗೆ ಹೋದರು. ಮಗಳು ಅವತ್ತು ರಾತ್ರಿ ಬಹಳ ಪ್ರಶ್ನೆ ಕೇಳಿದಳು. ಜಾತಿ ಬಗ್ಗೆ ಅಮೆರಿಕದಲ್ಲಿ ನಾವು ಮಾತು ತೇಲಿಸಿಬಿಡುತ್ತೇವೆ. ಇಲ್ಲಿ ತೇಲಿಸಲು ಆಗುವುದಿಲ್ಲ, ವಾಪಸ್ ಬರುವವರು ಅದಕ್ಕೂ ತಯಾರಾಗಿಯೇ ಬರಬೇಕು.

ಅರವಟ್ಟಿಗೆಗೂ ಮೊದಲು, ಹೋಳಿ ಹುಣ್ಣಿಮೆ ಆಗಿ ಐದನೇ ದಿನ ಶರಣಬಸವೇಶ್ವರ ತೇರು. ಹಳ್ಳಿಗಳಿಂದ ಜನ ನಡೆದುಕೊಂಡೇ ಬರುತ್ತಾರೆ, ರಸ್ತೆಯುದ್ದಕ್ಕೂ ನೀರು, ಊಟ, ಹಣ್ಣು ಹಂಚುವವರು ನಿಂತಿರುತ್ತಾರೆ. ದಾಸೋಹಕ್ಕೇ ಹೆಸರಾದ ಶರಣರ ಊರು, ಹಂಚುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಿಲ್ಲ. ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯುವುದನ್ನು ನೋಡಿ ಮಗ ಹುಚ್ಚಾದ. ಮರುದಿನ ಬಿದ್ದ ಪೇಪರ್ ತಟ್ಟೆ ಆರಿಸಲು ಕರೆದರೆ ಮಾತ್ರ ನಾಲ್ಕೇ ಜನ. ಇದು ನಮ್ಮ ದೊಡ್ಡ ಕೊರತೆ. ಹಂಚಲು ನೂರು ಕೈ, ಗುಡಿಸಲು ಯಾರೂ ಇಲ್ಲ.

ಮಳೆಗಾಲದ್ದು ಹೇಳುತ್ತೇನೆ, ಬೈಬೇಡಿ. ಜುಲೈನಲ್ಲಿ ಗಿಡ ನೆಡುವ ಕಾರ್ಯಕ್ರಮ ಎಲ್ಲಾ ಕಡೆ ಇರುತ್ತದೆ, ಬ್ಯಾನರ್, ಫೋಟೋ, ಬಿಸ್ಕಿಟ್ ಸಮೇತ. ನಮ್ಮದು ಕರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಎಳೆ ಬೇರು ಹರಿದು ಹೋಗುತ್ತದೆ. ಸುತ್ತ ಜಾಲಿ ಮುಳ್ಳು ಕಟ್ಟದಿದ್ದರೆ ಬೇಸಿಗೆವರೆಗೂ ಉಳಿಯುವುದಿಲ್ಲ, ಮೇಕೆ ಮೊದಲೇ ಮುಗಿಸುತ್ತದೆ. ಹಾಗಾಗಿ ನೀವು ರಜೆಗೆ ಬಂದು ಒಂದು ಗಿಡ ನೆಟ್ಟು ಹೋಗುವ ಬದಲು, ಹೋದ ವರ್ಷದ ಗಿಡಗಳಿಗೆ ಮಾರ್ಚ್‌ನಿಂದ ಜೂನ್ ತನಕ ವಾರಕ್ಕೊಂದು ಟ್ಯಾಂಕರ್ ನೀರಿನ ದುಡ್ಡು ಕೊಡಿ. ಬೇವು, ಹೊಂಗೆ ಎರಡು ಬೇಸಿಗೆ ದಾಟಿದರೆ ಆಮೇಲೆ ತಾವೇ ನಿಲ್ಲುತ್ತವೆ.

ಪಂಚಮಿಗೆ ಜೋಕಾಲಿ ಕಟ್ಟುತ್ತಾರೆ, ಮನೆ ಮನೆಗೆ ಉಂಡಿ ಹೋಗುತ್ತದೆ, ಮಕ್ಕಳಿಗೆ ಅದಕ್ಕಿಂತ ಹಬ್ಬ ಬೇಡ. ಗಣಪತಿ ಬಗ್ಗೆ ಏನೂ ಬರೆಯುವುದಿಲ್ಲ, ಡಿಜೆ ನೆನೆಸಿಕೊಂಡರೆ ತಲೆ ನೋಯುತ್ತದೆ. ಸೆಪ್ಟೆಂಬರ್ 17ಕ್ಕೆ ಮತ್ತೆ ಧ್ವಜ ಏರುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ ಅದು, ಈಗ ಕಲ್ಯಾಣ ಕರ್ನಾಟಕ ಉತ್ಸವ ಅಂತ ಮಾಡುತ್ತಾರೆ. ತಿಂಗಳ ಹಿಂದಷ್ಟೇ ಧ್ವಜ ಹಾರಿಸಿದ್ದೆವಲ್ಲ ಅಂತ ಮಗ ಕೇಳಿದ. ಅವನನ್ನು ಎದುರು ಮನೆಯ ಅಜ್ಜನ ಹತ್ತಿರ ಕಳುಹಿಸಿದೆ, ರಜಾಕಾರರ (ನಿಜಾಮನ ಪರ ಆಯುಧ ಹಿಡಿದವರು) ಕಾಲದಲ್ಲಿ ಅವರ ಮನೆಯವರು ಊರು ಬಿಟ್ಟ ಕಥೆ ಕೇಳಿಕೊಂಡು ಊಟಕ್ಕೂ ಬರಲಿಲ್ಲ. ಹೊಸದಾಗಿ ಬಂದವರಿಗೆ ಇಡೀ ಓಣಿಯ ಪರಿಚಯ ಬೇಕಿದ್ದರೆ ದಸರೆಗೆ ಬನ್ನಿ ಕೊಡಲು ಮಕ್ಕಳನ್ನು ಹೊರಡಿಸಿ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂತ ಎಲೆ ಕೊಟ್ಟು ಕಾಲಿಗೆ ಬಿದ್ದರೆ ಒಂದು ಸಂಜೆಯಲ್ಲಿ ಎಲ್ಲಾ ಮನೆಯ ಬಾಗಿಲು ತೆರೆದ ಹಾಗೆ.

ನೆರೆ ಬಂದಾಗ ಏನು ಕಳುಹಿಸಬೇಕು ಅಂತ ಇಲ್ಲಿ ಪ್ರತಿ ಸಲ ಚರ್ಚೆ ಆಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತ್ತು, ಇಲ್ಲಿ ಮಳೆ, ಮೇಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು. ಅಫಜಲಪುರ, ಜೇವರ್ಗಿ, ಆಚೆ ಯಾದಗಿರಿ ಕಡೆಯ ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ನಾವಾಗ ಇನ್ನೂ ಟೆಕ್ಸಾಸ್‌ನಲ್ಲಿದ್ದೆವು. ಓಣಿಯ ಹೆಂಗಸರು ರಾತ್ರಿಯೆಲ್ಲಾ ರೊಟ್ಟಿ ಬಡಿದು, ಕಡಕ್ ಮಾಡಿ, ಶೇಂಗಾ ಚಟ್ನಿಪುಡಿ ಜೊತೆ ಕಟ್ಟಿ ಕಳುಹಿಸಿದರಂತೆ. ಕಡಕ್ ರೊಟ್ಟಿ ಒಲೆ ಬೇಡ, ಕೆಡುವುದಿಲ್ಲ. ಹಳೆ ಬಟ್ಟೆ ಮಾತ್ರ ಯಾರಿಗೂ ಬೇಡವಾಗಿ ಬಿದ್ದಿತ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ. ಇನ್ನೊಮ್ಮೆ ಆದರೆ ದಯವಿಟ್ಟು ದುಡ್ಡು ಕಳುಹಿಸಿ, ಬಟ್ಟೆ ಬೇಡ.

ಈಗ ನನಗೆ ಹೆಚ್ಚು ಮುಖ್ಯ ಅನಿಸುವ ಕೆಲಸಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ನೋಡಿರುತ್ತೀರಿ. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. ಮಕ್ಕಳು ದಡ್ಡರಲ್ಲ. ಎಷ್ಟೋ ಶಾಲೆಗಳಲ್ಲಿ ಗಣಿತ, ಇಂಗ್ಲಿಷ್ ಶಿಕ್ಷಕರೇ ಇಲ್ಲ. ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಉಳಿದವರಲ್ಲೂ ಹಲವರು ನವೆಂಬರ್‌ನಿಂದ ಹತ್ತಿ ಬಿಡಿಸಲು, ಆಮೇಲೆ ತೊಗರಿ ರಾಶಿಗೆ ಹೋಗುತ್ತಾರೆ, ಪರೀಕ್ಷೆಗೆ ಓದಬೇಕಾದ ಕಾಲದಲ್ಲೇ. ನಮ್ಮ ಲೇಔಟ್‌ಗೆ ಹತ್ತಿಕೊಂಡೇ ಒಂದು ಹಳ್ಳಿ, ಅಲ್ಲೊಂದು ಸರ್ಕಾರಿ ಪ್ರೌಢಶಾಲೆ. ಅರವಟ್ಟಿಗೆಯಲ್ಲಿ ಲೋಟ ಎತ್ತಿ ಕುಡಿದರಲ್ಲ, ಆ ನಿವೃತ್ತ ಹೆಡ್‌ಮಾಸ್ಟರ್ ಕಾಕಾ ನವೆಂಬರ್‌ನಿಂದ ಮಾರ್ಚ್ ತನಕ ಸಂಜೆ ಆರೂವರೆಗೆ ಸಮುದಾಯ ಭವನದಲ್ಲಿ ಪಾಠ ಶುರು ಮಾಡಿದ್ದಾರೆ. ಆರೂವರೆ ಯಾಕಂದರೆ ಹೊಲದಿಂದ ಬಂದು ಮುಖ ತೊಳೆದು ಬರಬೇಕಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳು ಕೂರುತ್ತಾಳೆ, ಹತ್ತಿಕಾಯಿಯ ಒಣ ಸಿಪ್ಪೆ ಚುಚ್ಚಿ ಬೆರಳ ತುದಿಯೆಲ್ಲಾ ಗೀರಿರುತ್ತದೆ, ಪೆನ್ನನ್ನು ಬೆರಳ ಮಧ್ಯದ ಗಿಣ್ಣಿಗೆ ಆನಿಸಿ ಬರೆಯುತ್ತಾಳೆ. ಅಕ್ಷರ ಮಾತ್ರ ಮುತ್ತು.

ನನ್ನ ಗಂಡ ಅಲ್ಲಿ ಗಣಿತ ಹೇಳಿಕೊಡುತ್ತಾರೆ. ಮಗಳು ಒಂಬತ್ತನೇ ಕ್ಲಾಸ್, ಚಿಕ್ಕ ಹುಡುಗಿಯರಿಗೆ ಇಂಗ್ಲಿಷ್ ಓದಿಸುತ್ತಾಳೆ, ಅವರು ಇವಳಿಗೆ ಕನ್ನಡ ಓದಿಸುತ್ತಾರೆ. ಒತ್ತಕ್ಷರ ತಪ್ಪಿದರೆ ನಗುತ್ತಾರೆ, ಇವಳೂ ಬಿಡುವುದಿಲ್ಲ. ನಿಮಗೆ ಗೊತ್ತು, ಅಮೆರಿಕದಲ್ಲಿ ಎಷ್ಟೋ ಹೈಸ್ಕೂಲ್ ಮಕ್ಕಳು ಸೇವೆಯ ಗಂಟೆಗಳ ಲೆಕ್ಕ ಬರೆದಿಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ, ಕಾಲೇಜು ಅರ್ಜಿಗೆ ಬೇಕು ಅಂತ. ಇವಳೂ ಅದೇ ಅಭ್ಯಾಸದಲ್ಲಿ ಒಂದು ಹಾಳೆ ಮಾಡಿಕೊಂಡು ಕಾಕಾನ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, "ಯಾಕವ್ವ, ಪಗಾರ ಕೊಡ್ಬೇಕೇನು?" ಅಂದರು. ಸಹಿ ಹಾಕಿಯೂ ಕೊಟ್ಟರು ಅನ್ನಿ. ಆ ಹಾಳೆ ಈಗ ಎಲ್ಲಿದೆಯೋ ಅವಳಿಗೇ ಗೊತ್ತಿಲ್ಲ.

ದುಬೈ ಅಣ್ಣಾವ್ರೇ, ಗೇಟ್ ಬಗ್ಗೆ ನನ್ನ ತಕರಾರು ಇಷ್ಟೇ. ಗೇಟ್ ಹಾಕಿದ ಲೇಔಟ್‌ಗಳಲ್ಲಿ ಈಜುಕೊಳ ಇರಬಹುದು, ಆ ಹಳ್ಳಿ ಶಾಲೆಯ ಹುಡುಗಿ ಒಳಗೆ ಬರಬೇಕಾದರೆ ರಿಜಿಸ್ಟರ್‌ನಲ್ಲಿ ಹೆಸರು ಬರೆಯಬೇಕು. ಅವಳು ಬರುವುದಿಲ್ಲ. ನಿಮ್ಮ ಮಕ್ಕಳಿಗೆ ಅಲ್ಲಿ ಸಿಗುವುದು ನಿಮ್ಮಂಥದೇ ಇನ್ನೊಂದು ಹತ್ತು ಮನೆ. ಅದಕ್ಕೆ ದುಬೈನಲ್ಲೇ ಇರಬಹುದಲ್ವಾ?

ಬರುವ ಸಮಯದ ಬಗ್ಗೆ ಅಕ್ಕ ಕೇಳಿದ್ದರು. ನೋಡಿಕೊಂಡು ಹೋಗಲು ಬರುವುದಾದರೆ ಎಳ್ಳಮಾವಾಸ್ಯೆಗೆ ಬನ್ನಿ, ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ, ನಿಮ್ಮ ರಜೆಗೂ ಎಷ್ಟೋ ಸಲ ಹೊಂದುತ್ತದೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದುಕೊಂಡು ಹೋಗುತ್ತಾರೆ, ಇದಕ್ಕೆ ಮಾತ್ರ ಕರೀತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ ಮತ್ತೆ, ಹಸಿ ಕಾಳು, ಸೊಪ್ಪು ಎಲ್ಲಾ ಕೂಡಿಸಿ ಕುದಿಸಿದ್ದು. ಹಿಂದಿನ ರಾತ್ರಿ ಕಾಳು ಸುಲಿಯಲು ನಮ್ಮ ಮನೆಗೇ ಬನ್ನಿ, ಕೈ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಕೊನೆಗೆ ಒಂದು ಬೇಡಿಕೆ. ಈ ಡಿಸೆಂಬರ್, ಜನವರಿಯಲ್ಲಿ ಕಲಬುರಗಿಗೆ ಬರುವವರು ಯಾರಾದರೂ ಇದ್ದರೆ ಸಂಜೆ ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವರು ಬೇಕು. ಕನ್ನಡ ಮಾಧ್ಯಮದ ಪುಸ್ತಕವನ್ನು ಬರುವ ಮೊದಲೇ ಓದಿಕೊಂಡು ಬನ್ನಿ, ಸರ್ಕಾರದ ಪಠ್ಯಪುಸ್ತಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಏನೂ ತರಬೇಡಿ, ಆ ಹೊತ್ತಿಗೆ ಕರೆಂಟ್ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಒಂದು ವಾರಕ್ಕಿಂತ ಕಡಿಮೆ ಇರುವವರು ಪಾಠಕ್ಕೆ ಬೇಡ, ಮಕ್ಕಳಿಗೆ ಗೊಂದಲ ಆಗುತ್ತದೆ. ಅಂಥವರು ಹಳೆ ಪ್ರಶ್ನೆಪತ್ರಿಕೆ ತಿದ್ದಿಕೊಡಿ, ಕಟ್ಟುಗಟ್ಟಲೆ ಬಿದ್ದಿವೆ. ಮಕ್ಕಳನ್ನೂ ಕರೆತನ್ನಿ. ನನಗೆ ಬೇರೆಯಾಗಿ ಮೆಸೇಜ್ ಹಾಕಿ, ತಾರೀಕು ಹೇಳಿದರೆ ಕಾಕಾನ ಪಾಳಿ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆ.